ಹಗೆ ಮತ್ತು ಹಗೇವು

ಕನಕದಾಸರ 'ರಾಮಧಾನ್ಯ ಚರಿತೆ'ಯ ಬಗ್ಗೆ ಮಾತಾಡುವವರೆಲ್ಲ ರಾಗಿ ಗೆದ್ದದ್ದನ್ನು ಹೇಳುತ್ತಾರೆ. ಗೆಲ್ಲುವ ಮುನ್ನ ಅದೂ ಆರು ತಿಂಗಳು ಸೆರೆಯಲ್ಲಿತ್ತು ಎಂಬುದನ್ನು ಹೇಳುವವರು ಕಡಿಮೆ. ಈ ಕಾವ್ಯವನ್ನು ನಮಗೆ ಪಾಠ ಹೇಳಿದ ರೀತಿಯೇ ಹಾಗಿತ್ತು. ಅಕ್ಕಿ ಉಳ್ಳವರ ಧಾನ್ಯ, ರಾಗಿ ಇಲ್ಲದವರ ಧಾನ್ಯ. ಅಕ್ಕಿ ಸೊಕ್ಕಿನಿಂದ ಮಾತಾಡಿತು, ರಾಗಿ ತಕ್ಕ ಉತ್ತರ ಕೊಟ್ಟಿತು, ರಾಮ ರಾಗಿಯ ಪರವಾಗಿ ತೀರ್ಪು ಹೇಳಿದ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲಂತೂ ಈ ಓದು ಇನ್ನಷ್ಟು ಗಟ್ಟಿಯಾಯಿತು. ಅದನ್ನು ತಪ್ಪು ಓದು ಎಂದು ನಾನು ಹೇಳಲಾರೆ. ಕುಲದ ಹೆಸರಿನಲ್ಲಿ ಅವಮಾನ ಉಂಡ ಕವಿಯೊಬ್ಬ ರಾಗಿಯ ಬಾಯಲ್ಲಿ ತನ್ನ ಮಾತು ಆಡಿಸಿದ್ದಾನೆಂದು ಯಾರಿಗಾದರೂ ಅನ್ನಿಸದೆ ಇರದು. ಆದರೆ ಕಾವ್ಯವನ್ನು ಮತ್ತೆ ಮತ್ತೆ ಓದುವಾಗ ನನ್ನನ್ನು ಕಾಡಿದ್ದು ಗೆಲುವಲ್ಲ, ಆ ಸೆರೆಮನೆ. ಗೆಲ್ಲಬೇಕಾದವನನ್ನೂ ರಾಮ ಯಾಕೆ ಒಳಗೆ ಹಾಕಿದ?

ಕಥೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಲಂಕೆಯಿಂದ ಮರಳುವ ರಾಮ ಮುಚುಕುಂದ ಮುನಿಯ ಆಶ್ರಮಕ್ಕೆ ಬರುತ್ತಾನೆ. ಅಲ್ಲಿ ಬಗೆಬಗೆಯ ಅಡಿಗೆ. ಇಂಥ ರುಚಿ ಯಾವ ಧಾನ್ಯದ್ದು, ಅವುಗಳನ್ನು ತರಿಸಿ ನೋಡೋಣ ಎನ್ನುತ್ತಾನೆ ರಾಮ. ಭತ್ತ ಬರುತ್ತದೆ, ನರೆದಲೆಗ ಎಂಬ ಹೆಸರಿನ ರಾಗಿ ಬರುತ್ತದೆ. ಹಾರಕ, ಬರಗು, ಜೋಳ, ಕಂಬು, ಸಾಮೆ, ನವಣೆ ಎಲ್ಲ ಬರುತ್ತವೆ. ಇವುಗಳಲ್ಲಿ ಯಾವುದು ಮೇಲು ಎಂಬ ಮಾತು ಏಳುತ್ತದೆ. ಮುನಿಗಳು ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಾರೆ. ಗೌತಮ ನರೆದಲೆಗವೇ ವಾಸಿ ಎಂದುಬಿಡುತ್ತಾನೆ. ಅಷ್ಟಕ್ಕೆ ವ್ರೀಹಿಗೆ, ಎಂದರೆ ಭತ್ತಕ್ಕೆ, ಉರಿ ಹತ್ತುತ್ತದೆ.

ಗಮನಿಸಬೇಕಾದ ಮಾತು ಇಲ್ಲಿದೆ. ಅಡಿಗೆಮನೆಯಲ್ಲಿ, ಹೊಲದಲ್ಲಿ, ಕಣದಲ್ಲಿ ಈ ಎರಡು ಧಾನ್ಯಗಳಿಗೆ ಜಗಳವಿರಲಿಲ್ಲ. ರಾಮನಿಗೆ ಬಡಿಸಿದ ಎಲೆಯ ಮೇಲೂ ಇರಲಿಲ್ಲ. ಸಭೆ ಕೂಡಿ, ಮೇಲು ಯಾವುದು ಎಂಬ ಪ್ರಶ್ನೆ ಎದ್ದ ಮೇಲೆ ಹಗೆ ಹುಟ್ಟಿತು. ಆ ಪ್ರಶ್ನೆಗೆ ದಾರಿ ಮಾಡಿಕೊಟ್ಟವನು ಸಾಕ್ಷಾತ್ ರಾಮ. ಕನಕದಾಸರು ಅದನ್ನು ಮುಚ್ಚಿಟ್ಟಿಲ್ಲ. ಭಕ್ತಕವಿಯೊಬ್ಬ ತನ್ನ ದೇವರನ್ನೇ ಜಗಳದ ನಿಮಿತ್ತವನ್ನಾಗಿ ಮಾಡಿದ್ದು ಸಣ್ಣ ಧೈರ್ಯವಲ್ಲ.

ಮುಂದೆ ವ್ರೀಹಿ ಆಡುವ ಮಾತು ನಮಗೆಲ್ಲ ಪರಿಚಿತ. ನೀನು ಹೀನ, ಬಡವರ ಪಾಲಿನವನು, ದೇವರ ನೈವೇದ್ಯಕ್ಕೆ ಸಲ್ಲದವನು ಎಂಬ ಧಾಟಿ. ಆದರೆ ನರೆದಲೆಗನ ಉತ್ತರವನ್ನು ನಾವು ಸಂತೋಷದಲ್ಲಿ ಓದಿ ಮುಗಿಸಿಬಿಡುತ್ತೇವೆ, ಅದರ ಕಾವನ್ನು ನೋಡುವುದಿಲ್ಲ. ಮಳೆ ಹೋಗಿ ಬರ ಬಿದ್ದಾಗ ಜನರನ್ನು ಬದುಕಿಸಿದವನು ನಾನು ಎಂದಷ್ಟೇ ಹೇಳಿ ಅದು ಸುಮ್ಮನಾಗುವುದಿಲ್ಲ. ನೀನು ಸಿರಿವಂತರ ಬೆನ್ನು ಹತ್ತಿದವನು, ಬಡವರತ್ತ ಕಣ್ಣೆತ್ತಿ ನೋಡದವನು, ಹೆಣದ ಬಾಯಿಗೆ ಬೀಳುವ ಕಾಳು ನೀನು ಎನ್ನುವ ತನಕ ಹೋಗುತ್ತದೆ. ನಮ್ಮ ಊರುಗಳಲ್ಲಿ ಗಟಾರದ ನೀರಿಗಾಗಿ ಇಲ್ಲವೆ ಬದುವಿನ ಮೇಲಿನ ಒಂದು ಬೇವಿನ ಮರಕ್ಕಾಗಿ ಎರಡು ಮನೆಗಳ ನಡುವೆ ಜಗಳ ನಡೆದಾಗ ಕೇಳಿ ನೋಡಿ. ಮೊದಲ ಮಾತು ಮರದ್ದು, ಮೂರನೆಯದು ಸತ್ತವರದ್ದು. ಅನ್ಯಾಯಕ್ಕೆ ಒಳಗಾದವನ ಸಿಟ್ಟು ನ್ಯಾಯದ ಎಲ್ಲೆಯಲ್ಲಿ ನಿಲ್ಲುವುದೆಂದು ಕನಕದಾಸರು ನಂಬಿದವರಲ್ಲ. ಎರಡನ್ನೂ ಸೆರೆಗೆ ಹಾಕಲು ರಾಮ ಹೇಳಿದ್ದರ ಅರ್ಥ ನನಗೆ ಕಾಣುವುದು ಇಲ್ಲಿ. ಯಾರ ಪಕ್ಷ ಸರಿ ಎಂಬುದು ಬೇರೆ ಪ್ರಶ್ನೆ. ಬಿಸಿ ಆರುವವರೆಗೆ ಅದನ್ನು ಕೇಳಬಾರದು.

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರವಿದೆ. ಹಳೆಯ ನಿಘಂಟು ತೆರೆದರೆ 'ಹಗೆ' ಎಂಬ ಶಬ್ದಕ್ಕೆ ವೈರ ಎಂಬ ಅರ್ಥದ ಜೊತೆಗೆ ಧಾನ್ಯ ತುಂಬಿಡುವ ನೆಲಗುಳಿ ಎಂಬ ಅರ್ಥವೂ ಸಿಗುತ್ತದೆ. ನಮ್ಮ ಕಡೆ ಅದನ್ನು ಹಗೇವು ಎನ್ನುತ್ತೇವೆ. ಶಬ್ದಮೂಲದ ತರ್ಕ ಇಲ್ಲಿ ಬೇಡ. ಹಗೇವು ಕಂಡವರಿಗೆ ರಾಮನ ಸೆರೆಮನೆ ಬೇಗ ಅರ್ಥವಾಗುತ್ತದೆ ಎಂದಷ್ಟೇ ನನ್ನ ಮಾತು. ಗಟ್ಟಿ ನೆಲದಲ್ಲಿ ಆಳು ಮುಳುಗುವಷ್ಟು ಗುಳಿ ತೋಡಿ, ಸುತ್ತಲೂ ಹುಲ್ಲು ಒತ್ತಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ಬರಗಾಲ ಬಂದಾಗ ತೆಗೆಯುವುದು. ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. "ಗಾಳಿ ಆಡಲಿ ತಮ್ಮಾ, ಅವಸರ ಮಾಡಬ್ಯಾಡ" ಎಂದು ಹಿರಿಯರು ತಡೆಯುತ್ತಿದ್ದರು. ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಟ್ಟು, ಅದು ನಂದದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಕೆಟ್ಟ ಗಾಳಿಗೆ ಉಸಿರುಗಟ್ಟಿ ಹಗೇವಿನಲ್ಲೇ ಸತ್ತವರುಂಟು. ಆರು ತಿಂಗಳು ಮುಚ್ಚಿಟ್ಟು ತೆಗೆದಾಗ ಯಾವ ಕಾಳು ಹೇಗಿರುತ್ತದೆ ಎಂಬುದು ಕನಕದಾಸರಿಗೆ ಪುರಾಣದಿಂದ ಗೊತ್ತಾದದ್ದಲ್ಲ. ರಾಗಿ ಸಣ್ಣ ಕಾಳು, ಗಟ್ಟಿ ಸಿಪ್ಪೆ, ಹುಳ ಹಿಡಿಯುವುದಿಲ್ಲ; ವರ್ಷಗಟ್ಟಲೆ ಕೆಡದೆ ಇರುತ್ತದೆ. ರಾಮನ ಪರೀಕ್ಷೆ ಒಕ್ಕಲಿಗರ ಪರೀಕ್ಷೆ.

ಇನ್ನೊಂದು ಮಾತು. ನಮ್ಮ ಬ್ಯಾಡಗಿ, ರಾಣೇಬೆನ್ನೂರು ಕಡೆಯವರ ಊಟ ರಾಗಿಯದೂ ಅಲ್ಲ, ಅಕ್ಕಿಯದೂ ಅಲ್ಲ, ಜೋಳದ ರೊಟ್ಟಿ. ಆ ಸಭೆಯಲ್ಲಿ ಜೋಳವೂ ಕೂತಿತ್ತು. ಅದರ ಹೆಸರು ಬರುತ್ತದೆ, ಮಾತು ಬರುವುದಿಲ್ಲ. ತಮ್ಮ ನೆಲದ ಧಾನ್ಯವನ್ನು ಜಗಳಕ್ಕೆ ಇಳಿಸದೆ ಸುಮ್ಮನೆ ಕೂರಿಸಿದ್ದು ಕವಿಯ ಜಾಣತನವೋ ಆಕಸ್ಮಿಕವೋ, ನನಗಂತೂ ಅದನ್ನು ನೆನೆದಾಗೆಲ್ಲ ನಗು ಬರುತ್ತದೆ.

ಕನಕದಾಸರನ್ನು ತತ್ತ್ವದ ಕವಿ ಎಂದು ಕರೆಯುವಾಗ ನಾವು ಸಾಮಾನ್ಯವಾಗಿ ಕೀರ್ತನೆ, ಮುಂಡಿಗೆ ಮತ್ತು 'ಹರಿಭಕ್ತಿಸಾರ'ವನ್ನು ಮುಂದಿಡುತ್ತೇವೆ. ಕಥನಕಾವ್ಯಗಳನ್ನು ರಂಜನೆಗೆ ಬಿಡುತ್ತೇವೆ. ದ್ವೇಷ ಮತ್ತು ಪ್ರೀತಿಯನ್ನು ಕುರಿತು ಅವರು ನಿಜವಾಗಿ ಯೋಚಿಸಿದ್ದು ಕಥೆಗಳಲ್ಲಿ ಎಂದು ನನ್ನ ಅಭಿಪ್ರಾಯ. 'ನಳಚರಿತ್ರೆ'ಯನ್ನೇ ನೋಡಿ. ದಮಯಂತಿಯ ಸ್ವಯಂವರಕ್ಕೆ ನಾಲ್ವರು ದೇವತೆಗಳು ಬಂದಿದ್ದರು. ಆಕೆ ನಳನಿಗೆ ಮಾಲೆ ಹಾಕಿದಳು. ಸೋತವರು ದೇವತೆಗಳು, ಅವರಿಗೆ ಸಿಟ್ಟು ಬರಲಿಲ್ಲ, ವರ ಕೊಟ್ಟು ಹೊರಟರು. ಸಿಟ್ಟು ಬಂದದ್ದು ಕಲಿಗೆ. ಮಹಾಭಾರತದ ಮೂಲಕಥೆಯಲ್ಲಿ ಅವನು ಸ್ವಯಂವರದಲ್ಲಿ ಇರಲೇ ಇಲ್ಲ. ಮುಗಿದ ಮೇಲೆ ಬರುತ್ತಿದ್ದವನು, ಮರಳುತ್ತಿದ್ದ ದೇವತೆಗಳಿಂದ ದಾರಿಯಲ್ಲಿ ಸುದ್ದಿ ಕೇಳಿದವನು. ದೇವತೆಗಳು ಸಮಾಧಾನ ಹೇಳಿದರೂ ಅವನು ಕೇಳುವುದಿಲ್ಲ. ಅವರಿಗೆ ಆಗದ ಅವಮಾನವನ್ನು ಅವರ ಪರವಾಗಿ ತಾನು ಹೊತ್ತುಕೊಂಡು, ನಳನ ಒಂದು ತಪ್ಪಿಗಾಗಿ ಹನ್ನೆರಡು ವರ್ಷ ಕಾಯುತ್ತಾನೆ. ಒಂದು ಸಂಜೆ ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತದ್ದೇ ಸಾಕಾಯಿತು.

ನಾನು ಓದಿದ ಮಟ್ಟಿಗೆ ದ್ವೇಷದ ಬಗ್ಗೆ ಇದಕ್ಕಿಂತ ನಿಖರವಾದ ಚಿತ್ರ ನಮ್ಮ ಪುರಾಣಗಳಲ್ಲಿ ಅಪರೂಪ. ಏಟು ತಿಂದವನಲ್ಲಿ ಇಲ್ಲದ ರೋಷ ಸುದ್ದಿ ಕೇಳಿದವನಲ್ಲಿ ಇರುತ್ತದೆ. ಊರಲ್ಲಿ ಎರಡು ಓಣಿಗಳ ನಡುವೆ ಬೆಂಕಿ ಹತ್ತಿದಾಗ ಮುಂದೆ ನಿಲ್ಲುವವರು ಯಾರೆಂದು ನೋಡಿದರೆ, ಹೆಚ್ಚಿನವರು ನಿನ್ನೆಯ ಜಗಳದ ಜಾಗದಲ್ಲಿ ಇರಲೇ ಇಲ್ಲದವರು. ಕನಕದಾಸರ ಹೆಸರೂ ಇದರಿಂದ ತಪ್ಪಿಸಿಕೊಂಡಿಲ್ಲ. ಉಡುಪಿಯ ಕಿಂಡಿಯ ಮಾತು ಎತ್ತಿದರೆ ಸಾಕು, ಎರಡು ಕಡೆಯವರೂ ತಾವೇ ಆ ಬಾಗಿಲಲ್ಲಿ ನಿಂತಿದ್ದವರ ಹಾಗೆ ಕಿರುಚಾಡುವುದನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ವ್ಯಾಸರಾಯರು ಕನಕದಾಸರ ಮೇಲೆ ತೋರಿದ ಪ್ರೀತಿಯನ್ನು ಮಠದ ಕೆಲವರು ಸಹಿಸಲಿಲ್ಲ ಎಂಬುದಕ್ಕೆ ಪುರಂದರದಾಸರ ಹೆಸರಿನಲ್ಲಿರುವ ಕೀರ್ತನೆಯೊಂದು ಸಾಕ್ಷಿಯಾಗಿದೆ, ಅವಮಾನ ಕಟ್ಟುಕಥೆಯಲ್ಲ. ಅವಮಾನ ಉಂಡವರು ಅದನ್ನು ಏನು ಮಾಡಿದರು ಎಂಬುದು ಸಾಹಿತ್ಯದ ಪ್ರಶ್ನೆ. ಕುಲದ ಬಗೆಗಿನ ಅವರ ಹೆಸರಾಂತ ಕೀರ್ತನೆ ಬೈಗುಳವಾಗಿ ಹೊರಡುವುದಿಲ್ಲ, ಪ್ರಶ್ನೆಯಾಗಿ ಹೊರಡುತ್ತದೆ. ಬೈಗುಳಕ್ಕೆ ಮರುಬೈಗುಳ ಇದೆ. ಆ ಪ್ರಶ್ನೆಗೆ ಇಲ್ಲಿಯವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಪ್ರೀತಿಯ ಮಾತಿಗೆ ಬಂದರೆ ಕದರಮಂಡಲಗಿಗೆ ಬರಬೇಕು. ಇಲ್ಲಿಯ ಕಾಂತೇಶನ ಗುಡಿಯಲ್ಲಿ ಕೂತು ಕನಕದಾಸರು 'ಮೋಹನತರಂಗಿಣಿ'ಯನ್ನು ಬರೆದರೆಂದು ಈ ಭಾಗದವರ ನಂಬಿಕೆ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮರನ್ನು ಒಂದೇ ದಿನ ಕಂಡರೆ ಪುಣ್ಯವೆಂದು ಶನಿವಾರದ ದಿನ ಬರುವ ಭಕ್ತರಿಗೆ ಲೆಕ್ಕವಿಲ್ಲ. ಅವರಲ್ಲಿ ಎಷ್ಟು ಜನರಿಗೆ ಕಾವ್ಯದ ನೆನಪಿದೆಯೋ ಕಾಣೆ. 42 ಸಂಧಿಗಳ ಸಾಂಗತ್ಯ ಅದು, ತುಂಬ ಶೃಂಗಾರ. ಬ್ರಹ್ಮಚಾರಿ ಹನುಮನ ಎದುರು ಕೂತು ಕಾಮನ ಕಥೆ ಬರೆಯಲು ಕವಿಗೆ ಸಂಕೋಚವಾಗಲಿಲ್ಲವೇ ಎಂದು ಕೇಳುವ ಮಡಿವಂತರು ಇದ್ದಾರೆ. ಕಾಮನ ಕಥೆಯನ್ನು ಸುಟ್ಟಲ್ಲಿಗೇ ಮುಗಿಸಬೇಕು ಎನ್ನುವವರು ಅವರು. ಕನಕದಾಸರು ಸುಟ್ಟಲ್ಲಿಂದ ಮುಂದೆ ಹೋಗುತ್ತಾರೆ.

ಕಾವ್ಯದ ವಂಶಾವಳಿಯನ್ನು ಬಿಡಿಸಿ ನೋಡಿದರೆ ಅದರ ತತ್ತ್ವ ತಾನಾಗಿ ಹೊರಬರುತ್ತದೆ. ಶಿವನ ಕೋಪದ ಕಣ್ಣಿಗೆ ಕಾಮ ಬೂದಿಯಾದ. ಆ ಕಾಮ ಕೃಷ್ಣನ ಮಗ ಪ್ರದ್ಯುಮ್ನನಾಗಿ ಹುಟ್ಟಿದ. ಶಂಬರಾಸುರ ಹಸುಗೂಸನ್ನು ಸಮುದ್ರಕ್ಕೆ ಎಸೆದರೆ, ಮೀನಿನ ಹೊಟ್ಟೆಯೊಳಗಿಂದ ಅವನ ಅಡಿಗೆಮನೆಗೇ ಬಂದು, ಅಲ್ಲಿ ಕಾದಿದ್ದ ರತಿಯ ಕೈಯಲ್ಲಿ ಬೆಳೆದ. ಪ್ರದ್ಯುಮ್ನನ ಮಗ ಅನಿರುದ್ಧ. ಅವನನ್ನು ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಕಂಡಳು. ಗೆಳತಿ ಚಿತ್ರಲೇಖೆ ಚಿತ್ರ ಬರೆದು ಗುರುತು ಹಿಡಿಸಿ, ಮಲಗಿದ್ದವನನ್ನು ದ್ವಾರಕೆಯಿಂದ ಶೋಣಿತಪುರಕ್ಕೆ ಎತ್ತಿ ತಂದಳು. ಬಾಣ ಅವನನ್ನು ಕಟ್ಟಿಹಾಕಿದ. ಕೃಷ್ಣ ದಂಡೆತ್ತಿ ಬಂದ. ಬಾಣನ ಊರಿನ ಕಾವಲಿಗೆ ನಿಂತಿದ್ದ ಶಿವ ಕೃಷ್ಣನಿಗೆ ಎದುರಾಗಿ ಯುದ್ಧಕ್ಕೆ ಬಂದ. ಕಾಮನನ್ನು ಸುಟ್ಟವನಿಗೆ ಈಗ ಕಾಮನ ಮಗನ ಪ್ರೇಮಕ್ಕಾಗಿ ಬಿಲ್ಲು ಹಿಡಿಯುವ ಪ್ರಸಂಗ! ಒಂದು ಸಿಟ್ಟಿಗೆ ಎಷ್ಟು ದೂರದಿಂದ ಉತ್ತರ ಬರುತ್ತದೆ ನೋಡಿ. ಸುಟ್ಟವನ ಮೇಲೆ ಕಾಮ ಸೇಡು ತೀರಿಸಿಕೊಳ್ಳಲಿಲ್ಲ. ಮತ್ತೆ ಹುಟ್ಟಿದ, ಮದುವೆಯಾದ, ಮಗನನ್ನು ಪಡೆದ, ಅಷ್ಟೆ. ಬಾಣನಿಗೂ ಕೃಷ್ಣನ ಮೇಲೆ ಮೊದಲಿನಿಂದ ದ್ವೇಷವಿಲ್ಲ. ಸಾವಿರ ತೋಳು ಇದ್ದು ಬಡಿದಾಡಲು ಸಮಾನನಾದವನು ಸಿಗುತ್ತಿಲ್ಲ ಎಂಬ ಕೆರೆತ. ಕೃಷ್ಣ ಅವನ ತೋಳು ಕಡಿಯುತ್ತಾನೆ. ಶಿವ ನಡುವೆ ಬಂದು ಕೇಳಿಕೊಂಡ ಮೇಲೆ ಕೆಲವನ್ನು ಉಳಿಸಿ ಪ್ರಾಣ ಬಿಡುತ್ತಾನೆ. ಯುದ್ಧ ಮುಗಿಯುವುದು ಹರಿಹರರ ಗೆಳೆತನದಲ್ಲಿ, ಉಷೆಯ ಮದುವೆಯಲ್ಲಿ. ಬೀರಪ್ಪನ ಒಕ್ಕಲಿನ ಮನೆಯಲ್ಲಿ ಹುಟ್ಟಿ ಆದಿಕೇಶವನ ಅಂಕಿತದಲ್ಲಿ ಬರೆದವರಿಗೆ ಈ ಕಥೆ ಬೇರೆ ರೀತಿಯಲ್ಲಿ ಮುಗಿಯುವುದು ಸಾಧ್ಯವಿರಲಿಲ್ಲ.

ಉಷೆಯ ಪ್ರೇಮ ಹುಟ್ಟಿದ್ದು ಕನಸಿನಲ್ಲಿ, ಯಾರೂ ನೋಡದ ಜಾಗದಲ್ಲಿ. ಕನಕದಾಸರ ಬರಹವನ್ನೆಲ್ಲ ಜೊತೆಗಿಟ್ಟು ಓದಿದರೆ ಇದು ಮತ್ತೆ ಮತ್ತೆ ಬರುತ್ತದೆ. ತಲ್ಲಣಿಸುವ ಮನಸ್ಸಿಗೆ ಧೈರ್ಯ ಹೇಳುವ ಆ ಕೀರ್ತನೆಯಲ್ಲಿ ಬರುವುದು ಬೆಟ್ಟದ ಮೇಲಿನ ಮರ, ಕಲ್ಲಿನೊಳಗಿನ ಕಪ್ಪೆ; ಸಭೆಗೆ ಎಂದೂ ಬರದವು. ಬಾಳೆಹಣ್ಣಿನ ಕಥೆ ಐತಿಹ್ಯವೇ ಇರಬಹುದು, ಆದರೂ ಜನ ಅದನ್ನು ಇವರ ಹೆಸರಿಗೇ ಕಟ್ಟಿದ್ದು ಸುಮ್ಮನೆ ಅಲ್ಲ. ಯಾರೂ ಇಲ್ಲದ ಕಡೆ ಹೋಗಿ ತಿನ್ನು ಎಂದರೆ, ಯಾರೂ ಇಲ್ಲದ ಕಡೆಯೇ ಸಿಗಲಿಲ್ಲ ಎಂದು ಹಣ್ಣನ್ನು ಹಾಗೇ ತಂದ ಶಿಷ್ಯ. ಪ್ರೀತಿಗೆ ನೋಡುವವರು ಬೇಕಿಲ್ಲ, ಅಥವಾ ಒಬ್ಬನೇ ಸಾಕು. ವ್ರೀಹಿಯ ಸಿಟ್ಟಿಗೆ ಸಭೆ ಬೇಕಾಯಿತು.

ಇಲ್ಲೊಂದು ತೊಡಕಿದೆ, ವಿಮರ್ಶಕರು ಅದನ್ನು ದಾಟಿ ಹೋಗುತ್ತಾರೆ. ವ್ಯಾಸರಾಯರ ಶಿಷ್ಯರು ಮಾಧ್ವಮತದವರು. ಆ ಮತದಲ್ಲಿ ತಾರತಮ್ಯವೇ ಮುಖ್ಯ: ಜೀವಜೀವಗಳಲ್ಲಿ ಭೇದ, ದೇವತೆಗಳಲ್ಲಿಯೂ ಮೇಲು ಕೆಳಗು. ಮೇಲು ಯಾವುದು ಎಂಬ ಪ್ರಶ್ನೆಯಿಂದ ಹಗೆ ಹುಟ್ಟುತ್ತದೆ ಎಂದು ಕಥೆ ಕಟ್ಟಿದ ಕವಿ ಆ ಪರಂಪರೆಯಲ್ಲಿ ನಿಂತದ್ದು ಹೇಗೆ? ಪೂರ್ತಿ ಸಮಾಧಾನ ನನಗೆ ಸಿಕ್ಕಿಲ್ಲ. ಆದರೆ ಮಧ್ವರು ಭಕ್ತಿಗೆ ಕೊಟ್ಟ ಲಕ್ಷಣದಲ್ಲಿ ಒಂದು ಎಳೆ ಸಿಗುತ್ತದೆ. ದೇವರ ಮಹಿಮೆಯನ್ನು ತಿಳಿದು ಹುಟ್ಟಿದ, ಉಳಿದೆಲ್ಲಕ್ಕಿಂತ ಮಿಗಿಲಾದ, ಅಲುಗಾಡದ ಸ್ನೇಹವೇ ಭಕ್ತಿ ಎನ್ನುತ್ತಾರೆ ಅವರು. ದೊಡ್ಡವನನ್ನು ದೊಡ್ಡವನೆಂದು ಒಪ್ಪಿದ ಮೇಲೂ ಉಳಿಯುವುದು ಸ್ನೇಹ. ವ್ರೀಹಿಗೆ ಆಗದೆ ಹೋದದ್ದು ಈ ಒಪ್ಪಿಗೆ. ದ್ವೇಷಿಸಿಯೂ ಮುಕ್ತಿ ಪಡೆಯಬಹುದು, ಶಿಶುಪಾಲ ಹಿರಣ್ಯಕಶಿಪುಗಳಿಗೆ ಸಿಗಲಿಲ್ಲವೇ ಎಂಬ ಜನಪ್ರಿಯ ಮಾತಿದೆ. ಭಾಗವತದ ಏಳನೆಯ ಸ್ಕಂಧದಲ್ಲಿ ನಾರದ ಧರ್ಮರಾಯನಿಗೆ ಹೇಳುವ ಮಾತನ್ನು ಅದಕ್ಕೆ ಆಧಾರವಾಗಿ ತೋರಿಸುತ್ತಾರೆ. ಮಧ್ವರು ಈ ದ್ವೇಷಭಕ್ತಿಯನ್ನು ಒಪ್ಪಲಿಲ್ಲ. ಶಿಶುಪಾಲನ ದೇಹದಲ್ಲಿ ಎರಡು ಜೀವಗಳಿದ್ದವು, ಗತಿ ಕಂಡದ್ದು ಭಕ್ತನ ಜೀವ ಮಾತ್ರ ಎಂದು ವಿವರಿಸಿದರು. ಕೇಳಲು ತುಸು ಎಳೆದಾಡಿದಂತೆ ಇದ್ದರೂ ಅದರ ಹಿಂದಿನ ಹಟ ನನಗೆ ಮೆಚ್ಚುಗೆ: ದ್ವೇಷಕ್ಕೆ ಹಿಂಬಾಗಿಲಿನಿಂದಲೂ ಗೌರವ ಸಲ್ಲಬಾರದು. ಕನಕದಾಸರ ಕಥೆಗಳೂ ಈ ಹಟವನ್ನೇ ಹಿಡಿದಿವೆ. ಕಲಿಯ ಹಗೆಯಿಂದ ನಳ ದೊಡ್ಡವನಾದ ಎಂದು ಹೇಳಲು ಅವಕಾಶವಿತ್ತು. ಕಥೆ ಹಾಗೆ ಸಾಗುವುದಿಲ್ಲ. ನಳ ಕಳೆದುಕೊಂಡದ್ದನ್ನು ತಿರುಗಿ ಪಡೆದ, ಅಷ್ಟೇ.

ಅಕ್ಕಿ ರಾಗಿಗಳ ಲೆಕ್ಕ ಈಚೆಗೆ ತಲೆಕೆಳಗಾಗಿದೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ರೇಷನ್ ಅಂಗಡಿಯ ಅಕ್ಕಿ ಬಡವರ ಮನೆಯ ಕಾಳಾಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ರಾಗಿ, ನವಣೆ, ಸಾಮೆ ಪೇಟೆಯಲ್ಲಿ ಬಣ್ಣದ ಪೊಟ್ಟಣ ಸೇರಿ ಸಕ್ಕರೆ ಕಾಯಿಲೆಯ ಉಳ್ಳವರ ಪಥ್ಯವಾದವು. ಸಿರಿವಂತರ ಬೆನ್ನು ಹತ್ತಿದವನು ಎಂಬ ಬೈಗುಳವನ್ನು ಈಗ ಅಕ್ಕಿ ರಾಗಿಗೆ ತಿರುಗಿಸಿ ಹೇಳಬಹುದು. ಹಾಗೆಂದು ಕಾವ್ಯ ಹಳತಾಯಿತೇ? ರಾಗಿಯ ಜಯವಷ್ಟೇ ಅದರ ತಿರುಳಾಗಿದ್ದರೆ ಹಳತಾಗಬೇಕಿತ್ತು. ಎರಡನ್ನೂ ಒಳಗೆ ಹಾಕಿದ ರಾಮ ಇರುವುದರಿಂದ ಅದು ಹಳತಾಗಿಲ್ಲ. ಗೆದ್ದ ರಾಗಿಗೆ ತನ್ನ ರಾಘವ ಎಂಬ ಹೆಸರನ್ನು ಕೊಟ್ಟ ರಾಮ, ನಾಚಿ ನಿಂತ ಅಕ್ಕಿಯನ್ನೂ ಕರೆದು ಸಂತೈಸುತ್ತಾನೆ. ಆ ಭಾಗವನ್ನು ನಮ್ಮ ಪಾಠಗಳಲ್ಲಿ ಅವಸರದಿಂದ ಮುಗಿಸುತ್ತಾರೆ.

ಕಾವ್ಯದಲ್ಲಿ ಈ ಕಥೆ ಕೇಳುವವನು ಧರ್ಮರಾಯ, ಹೇಳುವವನು ಶಾಂಡಿಲ್ಯ ಮುನಿ, ಜಾಗ ಕಾಡು. ನಳನ ಕಥೆಯನ್ನು ಕೇಳಿದವನೂ ಅವನೇ, ಅದೇ ವನವಾಸದಲ್ಲಿ, ಬೃಹದಶ್ವನ ಬಾಯಿಂದ. ಜೂಜಿನಲ್ಲಿ ಎಲ್ಲ ಕಳೆದುಕೊಂಡವನು, ತುಂಬಿದ ಸಭೆಯಲ್ಲಿ ಹೆಂಡತಿಯ ಅವಮಾನ ಕಂಡವನು. ಹಗೆ ಸಾಧಿಸಲು ಅವನಿಗಿಂತ ಹೆಚ್ಚು ಕಾರಣ ಇದ್ದವರು ಯಾರು? ಭೀಮ ದ್ರೌಪದಿಯರು ದಿನವೂ ಅದನ್ನೇ ಅವನ ಕಿವಿಗೆ ಹಾಕುತ್ತಿದ್ದರು. ಅಂಥವನ ಮುಂದೆ ಎರಡು ಕಾಳುಗಳ ಜಗಳವನ್ನೂ ಅವುಗಳಿಗಾದ ಸೆರೆಯನ್ನೂ ಇಟ್ಟಿದ್ದಾರೆ ಕನಕದಾಸರು. ಧರ್ಮರಾಯ ಕಥೆ ಕೇಳಿದ, ಮುನಿಯನ್ನು ಮೆಚ್ಚಿದ. ವನವಾಸ, ಅಜ್ಞಾತವಾಸ ಮುಗಿಸಿ ಐದು ಊರು ಕೊಟ್ಟರೆ ಸಾಕು ಎಂದು ಕೇಳಿ ಕಳುಹಿಸಿದ. ಕೌರವ ಅದನ್ನೂ ಕೊಡಲಿಲ್ಲ.